ಮಾರ್ದನಿಗೆ ಹಾಕಿದ ತೇಪೆ

ಸಂಗಮೇಶ ಹಾವನೂರ ಕುಸ್ತಿಯ ಕಾಮೆಂಟ್ರಿ ಹೇಳುತ್ತಿದ್ದ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಸೀಮೆಯಲ್ಲಿ ಎಲ್ಲಿ ದೊಡ್ಡ ಕುಸ್ತಿ ನಡೆದರೂ ಮೈಕಿನ ಮುಂದೆ ಅವನೇ ಇರಬೇಕೆಂದು ಪೈಲ್ವಾನರೇ ಹಟ ಹಿಡಿಯುವಷ್ಟು ಹೆಸರು ಮಾಡಿದ್ದ. ಡಾವು, ಅಂದರೆ ಪಟ್ಟು, ಬೀಳುವುದಕ್ಕೂ ಅದರ ಹೆಸರು ಅವನ ಬಾಯಿಂದ ಬೀಳುವುದಕ್ಕೂ ನಡುವೆ ಉಸಿರಾಡುವಷ್ಟು ಹೊತ್ತೂ ಇರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಜೀವ ಉಳಿಯಿತು. ಒಂದು ವರ್ಷ ಆ ಮನೆಯಲ್ಲಿ ಮಾತೇ ಇರಲಿಲ್ಲ.

ಆಮೇಲೆ ಮಾರ್ದನಿ ಬಂತು. ಕಿವಿಯ ಹಿಂದೆ ಚರ್ಮದ ಅಡಿಯಲ್ಲಿ ಕೂರಿಸುವ, ಅವರೆಕಾಳಿನಷ್ಟು ದೊಡ್ಡ ಚಿಪ್ ಅದು. ಮಾತಾಡಬೇಕೆಂದು ಮನಸ್ಸು ಮಾಡಿದಾಗ ಮಿದುಳು ನಾಲಗೆಗೂ ತುಟಿಗೂ ಕಳಿಸುವ ಸೂಚನೆಗಳನ್ನು ಓದಿ, ಕಾಲರಿಗೆ ಸಿಕ್ಕಿಸಿಕೊಂಡ ಪುಟ್ಟ ಸ್ಪೀಕರಿನಿಂದ ಮಾತು ಹೊರಡಿಸುತ್ತಿತ್ತು. ಸಂಗಮೇಶನ ಹಳೆಯ ಕಾಮೆಂಟ್ರಿಗಳ ರೆಕಾರ್ಡಿಂಗ್ ಬೇಕಾದಷ್ಟಿದ್ದವು. ಅವುಗಳಿಂದ ಅವನ ದನಿಯನ್ನೇ ಕಟ್ಟಿಕೊಟ್ಟರು. ರಾಜ್ಯದ ಎಲ್ಲ ಮಾರ್ದನಿಗಳನ್ನು ನೋಡಿಕೊಳ್ಳುವ ಕೇಂದ್ರ ಹುಬ್ಬಳ್ಳಿಯಲ್ಲೇ ಇತ್ತು. ಚಿಪ್ಪಿನೊಳಗಿನ ತಂತ್ರಾಂಶದ ಹೊಣೆ ಅವನ ಹೆಂಡತಿ ನಿರುಪಮಾಳದು. ಹಾಗಾಗಿ ಮರಳಿ ಬಂದ ಗಂಡನ ದನಿಯನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡವಳೂ ಅವಳೇ.

ಚಿಪ್ ನಿಧಾನದ್ದು. ವೇಗದ್ದನ್ನು ಹಾಕಿದರೆ ಬಿಸಿಯಾಗಿ ಸುತ್ತಲಿನ ಮಾಂಸ ಬೇಯುತ್ತದೆ. ಅದಕ್ಕೇ ಚಿಪ್‌ಗೆ ಊಹೆ ಮಾಡುವುದನ್ನು ಕಲಿಸಿದ್ದರು. ಒಂದು ಮಾತು ಮುಗಿಯುವ ಮೊದಲೇ ಮುಂದೆ ಬರಬಹುದಾದ ಹತ್ತಾರು ಮಾತುಗಳನ್ನು ಅದು ಸಿದ್ಧಮಾಡಿ ಇಟ್ಟುಕೊಳ್ಳುತ್ತಿತ್ತು. ಆ ಮನುಷ್ಯ ಹಿಂದೆ ಏನೇನು ಆಡಿದ್ದನೋ ಅದರ ಮೇಲೆ ಈ ಊಹೆ. ಮಿದುಳಿನಿಂದ ನಿಜವಾದ ಸೂಚನೆ ಬಂದಾಗ ಅದಕ್ಕೆ ಹೊಂದುವ ಮಾತನ್ನು ಆಡಿ, ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಊಹೆ ಸರಿಯಾದಾಗ ಮಾತು ನೀರಿನಂತೆ ಹರಿಯುತ್ತಿತ್ತು. ಹೆಚ್ಚಿನ ಸಲ ಸರಿಯಾಗುತ್ತಿತ್ತು. ಸಂಗಮೇಶ ಮತ್ತೆ ಅಖಾಡದ ಮೈಕಿನ ಮುಂದೆ ಕೂತ. ಮೊದಲ ದಿನ ಜನ ಪೈಲ್ವಾನರನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು.

ಹೀಗೆ ಎಲ್ಲ ಸರಿಯಿದ್ದಾಗ ನವಲಗುಂದದ ಕಡೆಯಿಂದ ಸುನಂದಾ ಕಟ್ಟಿಮನಿ ಎಂಬ ಹೆಣ್ಣುಮಗಳು ತಾಯಿಯೊಂದಿಗೆ ಕೇಂದ್ರಕ್ಕೆ ಬಂದಳು. ಹೆರಿಗೆಯ ಹೊತ್ತಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು, ಮಾರ್ದನಿಯಿಂದ ಬಂದಿತ್ತು. ಈಗ ಅತ್ತೆಮನೆಯವರು ಅವಳನ್ನು ತವರಿಗೆ ಕಳಿಸಿಬಿಟ್ಟಿದ್ದರು. ಮಗಳನ್ನು ಮಾತ್ರ ಇಟ್ಟುಕೊಂಡಿದ್ದರು. ಕಾರಣ ಕೇಳಿದರೆ, ಅವಳ ಮನಸ್ಸಿನಲ್ಲಿ ವಿಷವಿದೆ, ನಾವು ಕಣ್ಣಾರೆ ಓದಿದ್ದೇವೆ ಎನ್ನುತ್ತಿದ್ದರಂತೆ.

ಓದಿದ್ದು ಒಂದು ಡಬ್ಬಿಯಲ್ಲಿ. ಅವಳ ಭಾವ ಅದನ್ನು ಯಾವುದೋ ಮೊಬೈಲ್ ಅಂಗಡಿಯಿಂದ ತಂದಿದ್ದ. ಮೊಬೈಲ್ ಚಾರ್ಜರಿನ ಹಾಗೆ ಗೋಡೆಗೆ ಸಿಕ್ಕಿಸಿದರೆ ಸಾಕು, ಅದೇ ಕೋಣೆಯಲ್ಲಿ ಮಾರ್ದನಿ ಹಾಕಿಕೊಂಡವರು ಆಡದೆ ಬಿಟ್ಟ ಮಾತು ಫೋನಿನ ಪರದೆಯ ಮೇಲೆ ಬರುತ್ತಿತ್ತು. ಒಂದು ದಿನ ಮಾವನಿಗೆ ಬಡಿಸುತ್ತ ಸುನಂದಾ, ಅನ್ನದಲ್ಲಿ ತುಪ್ಪ ಹಾಕಲೇ ಎಂದು ಕೇಳಿದ್ದಳು. ಪರದೆಯಲ್ಲಿ ‘ಅನ್ನದಾಗ’ ಎಂಬುದರ ಪಕ್ಕದಲ್ಲಿ, ‘ತುಪ್ಪ’ಕ್ಕಿಂತ ಮೊದಲು, ‘ವಿಷ’ ಎಂದು ಬಂತು. ಆ ಹೊತ್ತಿನಿಂದ ಅವಳ ಕೈಯ ಊಟ ಯಾರೂ ಮುಟ್ಟಲಿಲ್ಲ.

ನಿರುಪಮಾ ಅವಳನ್ನು ಎದುರಿಗೆ ಕೂರಿಸಿಕೊಂಡು, ಆ ಮಾತನ್ನು ಹಿಂದೆ ಎಂದಾದರೂ ಆಡಿದ್ದೆಯಾ ಎಂದು ಕೇಳಿದಳು. ಸುನಂದಾ ನೆನಪಿಸಿಕೊಂಡಳು.

“ಹೋದ ಸುಗ್ಗ್ಯಾಗ ಕಾಳಿನ ಹಗೇವಿನ ಕಡೆ ಇಲಿ ಬಾಳ ಆಗಿದ್ವುರಿ,” ಎಂದಳು. “ಅನ್ನದಾಗ ವಿಷ ಕಲಸಿ ಇಡ್ರಿ ಅಂತ ನಮ್ಮ ಮಾವಗ ನಾನ ಹೇಳಿದ್ದೆ. ಒಂದ ಸಲ ಅಲ್ಲ, ನಾಕೈದ ಸಲ ಹೇಳೀನಿ.”

ನಿರುಪಮಾಳಿಗೆ ಅರ್ಥವಾಯಿತು. ಅದು ಸುನಂದಾಳ ಮನಸ್ಸಿನ ಮಾತಲ್ಲ, ಯಂತ್ರದ ಊಹೆ. ಅನ್ನ ಎಂದ ಮೇಲೆ ಈ ಹೆಂಗಸು ವಿಷ ಎನ್ನುವುದುಂಟು ಎಂದು ಯಂತ್ರ ಲೆಕ್ಕ ಹಾಕಿ, ಆ ಮಾತನ್ನೂ ಸಿದ್ಧಮಾಡಿ ಇಟ್ಟಿತ್ತು. ಆದರೆ ಬಿಟ್ಟುಬಿಟ್ಟ ಮಾತು ಹೊರಗಿನವರಿಗೆ ಕಾಣುವುದು ಹೇಗೆ? ಅವಳು ತಾಯಿಮಗಳನ್ನು ಕೂತಿರಲು ಹೇಳಿ ಪ್ರಯೋಗಾಲಯಕ್ಕೆ ಹೋದಳು. ಅಂದಿನಿಂದ ಅಲ್ಲೇ ಅವಳ ವಾಸ ಎಂಬಂತಾಯಿತು.

ಕಾರಣ ಸಿಕ್ಕಿದಾಗ ಅದನ್ನು ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಅನ್ವರ್ ಮುಲ್ಲಾ ಅವರಿಗೆ ಹೀಗೆ ವಿವರಿಸಿದಳು. ಖಾನಾವಳಿಗೆ ದಿನಾ ಬರುವ ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ಅಡುಗೆಯವನು ಅವನು ಕೇಳಬಹುದಾದದ್ದನ್ನೆಲ್ಲ ತಟ್ಟೆಗಳಿಗೆ ಹಾಕಿಡುತ್ತಾನೆ. ಗಿರಾಕಿ ಒಂದನ್ನು ಕೇಳುತ್ತಾನೆ, ಉಳಿದ ತಟ್ಟೆಗಳು ಒಳಗೆ ಹೋಗುತ್ತವೆ. ಆದರೆ ತಟ್ಟೆ ಬಿಸಿಯಾಗಿಯೇ ಇರುತ್ತದೆ. ಅಡುಗೆಮನೆಗೆ ಕೈ ಹಾಕಿ ಒಂದೊಂದೇ ತಟ್ಟೆಯನ್ನು ಮುಟ್ಟಿ ನೋಡಿದವನಿಗೆ ಯಾವುದನ್ನು ಬಡಿಸಲು ತಯಾರಿ ನಡೆದಿತ್ತೆಂದು ತಿಳಿದುಹೋಗುತ್ತದೆ. ಈ ಡಬ್ಬಿ ಮಾಡುವುದು ಅದನ್ನೇ. ಚಿಪ್‌ಗೂ ಸ್ಪೀಕರಿಗೂ ನಡುವಿನ ದಾರಿಯಲ್ಲಿ ನುಗ್ಗಿ ಒಂದೊಂದೇ ಮಾತನ್ನು ಚಿಪ್‌ನಿಂದ ಕೇಳಿ ಪಡೆಯುತ್ತದೆ. ಯಾವುದು ಬೇಗ ಬಂತೋ ಅದು ಮೊದಲೇ ಸಿದ್ಧವಾಗಿತ್ತು ಎಂದರ್ಥ. ತಪ್ಪು ತಂತ್ರಾಂಶದಲ್ಲಿಲ್ಲ. ಪ್ರೊಸೆಸರನ್ನು ಕಟ್ಟಿದ ರೀತಿಯಲ್ಲೇ ಇದೆ. ಸಾವಿರಾರು ಜನರ ಕಿವಿಯ ಹಿಂದೆ ಹೊಲಿದು ಮುಚ್ಚಿದ ಚಿಪ್‌ನಲ್ಲೇ ಇದೆ.

ಮುಲ್ಲಾ ಅವರು, ಮನುಷ್ಯ ಹಾಕಿಕೊಂಡಿರುವ ಚಿಪ್‌ನ ಮೇಲೆ ಖಾತ್ರಿ ಮಾಡಿಕೊಳ್ಳದೆ ಸರ್ಕಾರಕ್ಕೆ ತಿಳಿಸುವಂತಿಲ್ಲ ಎಂದರು. ಹೊರಗಿನವರನ್ನು ಕರೆಯುವ ಹಾಗಿರಲಿಲ್ಲ. ಪರೀಕ್ಷೆಗೆ ಬರುತ್ತೀರಾ ಎಂದು ನಿರುಪಮಾ ಸಂಗಮೇಶನನ್ನು ಕೇಳಿದಳು. ಅವನು ಒಪ್ಪಿ, ಪಾಲಿನಲ್ಲಿ ನಡೆಸುತ್ತಿದ್ದ ಆಟದ ಸಾಮಾನಿನ ಅಂಗಡಿಗೆ ಹೋಗದೆ ಕೇಂದ್ರಕ್ಕೆ ಬಂದು ಕುರ್ಚಿಯಲ್ಲಿ ಕೂತ.

ಮುಲ್ಲಾ ಅವನೊಂದಿಗೆ ಕುಸ್ತಿಯ ವಿಷಯ ತೆಗೆದರು. ಸಂಗಮೇಶ ಹುರುಪಿನಿಂದ ಮಾತಾಡಿದ. ನಿರುಪಮಾಳ ಪರದೆಯ ಮೇಲೆ ಅವನು ಆಡಿದ ಒಂದೊಂದು ಮಾತಿನ ಹಿಂದೆ ಆಡದ ಮಾತುಗಳ ಸಾಲು ಬರುತ್ತಿತ್ತು: ಪೈಲ್ವಾನರ ಹೆಸರುಗಳು, ಡಾವುಗಳು, ಊರುಗಳು. ಕೊನೆಗೆ ಮುಲ್ಲಾ, ಮನೆಯಲ್ಲಿ ಹೇಗಿದ್ದೀರಿ ಎಂದು ಸುಮ್ಮನೆ ಉಪಚಾರಕ್ಕೆ ಕೇಳಿದರು. ಆರಾಮ್ ಅದೀವ್ರಿ ಎಂದ ಸಂಗಮೇಶ. ‘ಆರಾಮ್’ಗಿಂತ ಮೊದಲು ಪರದೆಯ ಮೇಲೆ ‘ಬ್ಯಾಸರ’ ಎಂದು ಬಂದಿತ್ತು.

ಸುನಂದಾಳ ಅತ್ತೆಮನೆಯವರಿಗೆ ಹೇಳಬೇಕಾದ್ದನ್ನು ನಿರುಪಮಾ ತನಗೆ ತಾನೇ ಹೇಳಿಕೊಂಡಳು. ಇದು ಅವನ ಮಾತಲ್ಲ, ಯಂತ್ರದ ಊಹೆ. ಮಾರ್ದನಿ ಹಾಕಿದ ಹೊಸದರಲ್ಲಿ ಆಸ್ಪತ್ರೆಯ ದಿನಗಳ ಬಗ್ಗೆ ಬ್ಯಾಸರ ಬ್ಯಾಸರ ಎಂದು ಎಷ್ಟೋ ಸಲ ಅಂದಿದ್ದಾನೆ. ಇಷ್ಟೆಲ್ಲ ತಿಳಿದಿದ್ದೂ ಅವಳು ಆ ಸಾಲನ್ನು ಪರದೆಯಿಂದ ಅಳಿಸಲು ತಡಮಾಡಿದಳು. ಎದೆಯಲ್ಲಿ ಏನೂ ಆಗಲಿಲ್ಲ. ಚುಚ್ಚುಮದ್ದು ಕೊಟ್ಟ ವಸಡಿನ ಹಾಗೆ ಮರಗಟ್ಟಿತ್ತು. ಪರೀಕ್ಷೆ ಮುಗಿಯಿತು, ಖಾತ್ರಿಯಾಯಿತು ಎಂದಷ್ಟೇ ಹೇಳಿ ಗಂಡನ ಕಿವಿಯ ಹಿಂದಿನ ವೈರು ಬಿಚ್ಚಿದಳು.

ಪರಿಹಾರ ಒಂದೇ ಇತ್ತು. ಊಹೆ ಮಾಡುವುದನ್ನು ನಿಲ್ಲಿಸಬೇಕು. ಆಡಿದ ಮೇಲೆ ಉಳಿದ ಮಾತುಗಳನ್ನು ಒರೆಸಿಹಾಕುವ ಉಪಾಯವನ್ನೂ ನೋಡಿದರು, ಒರೆಸುವ ಮೊದಲೇ ಡಬ್ಬಿ ಓದಿಬಿಡುತ್ತಿತ್ತು. ಊಹೆ ನಿಲ್ಲಿಸಿದರೆ ಸೋರಿಕೆ ಪೂರ್ತಿ ನಿಲ್ಲುತ್ತಿತ್ತು. ಆದರೆ ಸೂಚನೆ ಬಂದ ಮೇಲೆ ಮಾತನ್ನು ಹುಡುಕಿ ಕಟ್ಟಿ ಕಳಿಸುವಷ್ಟರಲ್ಲಿ ಎದುರಿಗಿದ್ದವರು ಚಹಾದ ಕಪ್ಪು ಎತ್ತಿ, ಕುಡಿದು, ಕೆಳಗಿಡಬಹುದಾಗಿತ್ತು. ಪ್ರತಿ ಮಾತಿಗೂ ಅಷ್ಟು.

ಊಹೆ ನಿಲ್ಲಿಸುವ ಈ ತೇಪೆಯನ್ನು, ಅಂದರೆ ಪ್ಯಾಚನ್ನು, ಬೇಕಾದವರಿಗೆ ಮಾತ್ರ ಹಾಕೋಣ ಎಂದು ನಿರುಪಮಾ ವಾದಿಸಿದಳು. ಕೆಲವರು ಸೋರಿದರೂ ಚಿಂತೆಯಿಲ್ಲ, ವೇಗವಾಗಿ ಮಾತಾಡಬೇಕು ಎನ್ನಬಹುದು, ಅವರವರ ಇಷ್ಟ ಎಂದಳು. ಮುಲ್ಲಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸುನಂದಾಗ ಬೇಕು ಅನ್ನೂ ಹಕ್ಕು ಯಾರ್ ಕೊಡ್ತಾರ ನಿರುಪಮಾ? ನಿನ್ನ ಮನಸಿನ್ಯಾಗ ಏನೂ ಇಲ್ಲಂದ್ರ ಪ್ಯಾಚ್ ಯಾಕ್ ಬೇಕು ಅಂತ ಮನಿಯವರು ಕೇಳ್ತಾರ. ಹಾಕಿಸ್ಕೊಂಡ್ರ ಕಳ್ಳಿ, ಬಿಟ್ರ ಎಲ್ಲಾ ಬಯಲು. ಎಲ್ಲಾರಿಗೂ ಹಾಕಿದ್ರ ಮಾತ್ರ ಆಕಿಗೂ ಸಿಗ್ತೈತಿ. ನಿಮ್ಮ ಮನಿಯವ್ರ ಕೆಲಸ ಹೋಗ್ತೈತಿ ಅಂತ ನನಗ ಗೊತ್ತೈತಿ.”

ಅವರು ಹೇಳಿದ್ದು ನಿಜವಾಗಿತ್ತು. ಪ್ಯಾಚ್ ಕಳಿಸುವತನಕ ಯಾರಿಗೂ ಹೇಳಬಾರದು, ಹೇಳಿದರೆ ಡಬ್ಬಿ ಮಾರುವವರು ಎಚ್ಚೆತ್ತು ಉಳಿದ ದಿನಗಳಲ್ಲಿ ಸಿಕ್ಕಷ್ಟು ಬಾಚಿಕೊಳ್ಳುತ್ತಾರೆ ಎಂದು ಸರ್ಕಾರದ ಆದೇಶದಲ್ಲಿ ಬರೆದಿತ್ತು. ಅವಳು ಹೇಳಲಿಲ್ಲ. ಒಂದು ಬುಧವಾರ ಮಧ್ಯಾಹ್ನ ನಿಯಂತ್ರಣ ಕೋಣೆಯಲ್ಲಿ ಕೂತು ಪ್ಯಾಚ್ ಕಳಿಸಿದಳು. ಸ್ಪೀಕರನ್ನು ಚಾರ್ಜಿಗೆ ಹಾಕಿದಾಗ ಅದು ತಾನಾಗಿ ಒಳಗಿಳಿಯುವಂತೆ ಮಾಡಿದ್ದರು.

ಮರುದಿನ ಬೆಳಗ್ಗೆ ಸಂಗಮೇಶ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ತುಟಿ ಅಲುಗಿತು. ಸ್ಪೀಕರಿನಿಂದ ಏನೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ “ಚಾ” ಎಂದಿತು. ಅವನು ಕಾಲರನ್ನು ಬೆರಳಿನಿಂದ ಬಡಿದ. ಸ್ಪೀಕರನ್ನು ತೆಗೆದು ಊದಿ ಮತ್ತೆ ಸಿಕ್ಕಿಸಿಕೊಂಡ. ನಿರುಪಮಾ ಒಲೆ ಆರಿಸಿದಳು.

“ಅದು ಕೆಟ್ಟಿಲ್ರಿ,” ಎಂದಳು. “ಎಲ್ಲಾರದೂ ಇನ್ಮ್ಯಾಲೆ ಹಿಂಗ. ನಾನ ಕಳಿಸೇನಿ.”

ಅವನು ಅವಳನ್ನೇ ನೋಡಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಸುನಂದಾಳ ಕಥೆಯನ್ನೂ, ಆದೇಶವನ್ನೂ. ಮುಗಿದಾಗ ಅವನು ಕುರ್ಚಿಯಲ್ಲಿ ಕೂತು ಉತ್ತರ ಹೇಳತೊಡಗಿದ. “ನೀ” ಎಂದಿತು ಸ್ಪೀಕರು. ಆಮೇಲೆ “ನನಗ” ಎಂದಿತು. ಅವಳು ಕಾದಳು. ಬೀದಿಯಲ್ಲಿ ಹಾಲಿನ ಗಾಡಿ ಬಂದು, ನಿಂತು, ಮುಂದೆ ಹೋಯಿತು. ಸಿಟ್ಟಿನ ಮಾತೆಂದು ಮುಖದಲ್ಲಿ ಕಾಣುತ್ತಿತ್ತು, ಮಾತು ಹೊರಬೀಳುವ ಹೊತ್ತಿಗೆ ಮುಖದ ಸಿಟ್ಟು ಇಳಿದು ದಣಿವು ಬಂದಿತ್ತು. “ಹೇಳಬೇಕಿತ್ತು,” ಎಂದು ಮುಗಿಯಿತು.

ಆ ದಿನ ರಾಜ್ಯದ ಎಲ್ಲ ಕಡೆಯಿಂದ ಕೇಂದ್ರಕ್ಕೆ ಫೋನುಗಳು ಬಂದವು. ಮಾರ್ದನಿಯವರು ಫೋನು ಮಾಡಿದರೆ ಈಚೆಯವರು, ಆಚೆ ಯಾರೂ ಮಾತಾಡುತ್ತಿಲ್ಲವೆಂದುಕೊಂಡು ಇಟ್ಟುಬಿಡುತ್ತಿದ್ದರು. ಅದಕ್ಕೆ ಮನೆಯವರೇ ಮಾಡುತ್ತಿದ್ದರು. ಬಸ್ ಕಂಡಕ್ಟರೊಬ್ಬ ಕೆಲಸ ಬಿಟ್ಟ. ಶಿಕ್ಷಕಿಯೊಬ್ಬಳು ಪಾಠವನ್ನೆಲ್ಲ ಹಲಗೆಯ ಮೇಲೆ ಬರೆಯತೊಡಗಿದಳು. ದೂರು ಬರಬರುತ್ತ ಕಡಿಮೆಯಾಯಿತು. ಜನ ಒಪ್ಪಿಕೊಂಡರು ಎಂದು ಸರ್ಕಾರದವರು ತಿಳಿದರು. ದೂರು ಹೇಳಲಿಕ್ಕೂ ಮಾತು ಬೇಕು ಎಂಬುದು ನಿರುಪಮಾಳಿಗೆ ಗೊತ್ತಿತ್ತು.

ಸಂಗಮೇಶ ಒಂದು ಸಲ ಅಖಾಡಕ್ಕೆ ಹೋದ. ಕುಂದಗೋಳದ ಹತ್ತಿರದ ಒಂದು ಊರಿನಲ್ಲಿ ಕುಸ್ತಿ ಇತ್ತು, ಮೊದಲೇ ಒಪ್ಪಿಕೊಂಡಿದ್ದ. ಅವನು “ಘಿಸ್ಸಾ” ಎಂದು ಡಾವಿನ ಹೆಸರು ಹೇಳುವ ಹೊತ್ತಿಗೆ ಬಿದ್ದ ಪೈಲ್ವಾನ ಎದ್ದು, ಮೈಯ ಮಣ್ಣು ಕೊಡವಿಕೊಂಡು ಹೊರಟಿದ್ದ. ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಮೈಕನ್ನು ಪಕ್ಕದವನ ಕೈಗೆ ಕೊಟ್ಟು ಕೆಳಗಿಳಿದ. ಆಮೇಲೆ ಕರೆ ಬರಲಿಲ್ಲ. ಆಟದ ಸಾಮಾನಿನ ಅಂಗಡಿಯಲ್ಲಿ ಕೂರುತ್ತಿದ್ದ. ಗಿರಾಕಿಗಳು ಬೆರಳು ತೋರಿಸಿ ಕೇಳುವುದನ್ನು ಕಲಿತರು.

ಮನೆಯಲ್ಲಿ ಇನ್ನೊಂದು ಸುರುವಾಯಿತು. ಅವನು ಒಂದು ಮಾತು ಆಡಿ ಮುಂದಿನದಕ್ಕೆ ತಡವಾದಾಗ ನಿರುಪಮಾ ಉಳಿದದ್ದನ್ನು ತಾನೇ ತುಂಬುತ್ತಿದ್ದಳು. “ನಾಳಿ” ಎಂದು ಅವನು ಅಂದರೆ, ನಾಳಿ ಅಂಗಡಿ ತಗಿಯೂದಿಲ್ಲೇನ್ರಿ, ಎನ್ನುವಳು. ಅವನು ಅಲ್ಲವೆಂದು ತಲೆಯಾಡಿಸುವನು. ನಾಳಿ ಗದಗಿಗೆ ಹೋಗಬೇಕೇನು? ಅಲ್ಲ. ನಿಮ್ಮಕ್ಕ ಬರ್ತಾಳೇನು? ಒಮ್ಮೆ ಅವನು ಹೌದೆಂದು ತಲೆ ಹಾಕಿದ. ಅಕ್ಕ ಬರಲಿಲ್ಲ. ಕೇಳಿದರೆ, ನಿನ್ನ ಪ್ರಶ್ನೆ ಸಾಕೆನಿಸಿ ಹೂಂ ಅಂದೆ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಬೇರೆ ಮನೆಗಳಲ್ಲೂ ಇದೇ ನಡೆಯುತ್ತಿದೆ ಎಂದು ಕೇಂದ್ರಕ್ಕೆ ವರದಿಗಳು ಬರುತ್ತಿದ್ದವು. ಚಿಪ್ ಮಾಡುವುದನ್ನು ಬಿಟ್ಟ ಕೆಲಸವನ್ನು ಗಂಡಂದಿರೂ ಹೆಂಡತಿಯರೂ ಮಕ್ಕಳೂ ಮಾಡತೊಡಗಿದ್ದರು. ಚಿಪ್‌ನಷ್ಟು ಸರಿಯಾಗಿ ಯಾರೂ ಮಾಡುತ್ತಿರಲಿಲ್ಲ.

ಒಂದು ಸಂಜೆ ಸಂಗಮೇಶ ಅವಳೆದುರು ಕೂತು, ಬಹಳ ಹೊತ್ತು ತೆಗೆದುಕೊಂಡು, ತನ್ನ ಚಿಪ್‌ಗೆ ಹಾಕಿದ ತ್ಯಾಪಿ ತೆಗೆ ಎಂದು ಕೇಳಿದ. ಪರೀಕ್ಷೆಯ ಚಿಪ್‌ಗಳಿಂದ ಪ್ಯಾಚ್ ತೆಗೆಯುವ ಅಧಿಕಾರ ಅವಳಿಗಿತ್ತು. ಅದು ಅವನಿಗೂ ಗೊತ್ತಿತ್ತು. ಯಾರು ಬೇಕಾದರೂ ಓದಲಿ, ತನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದ.

ನಿರುಪಮಾ ಬೇಡವೆಂದಳು. ಒಬ್ಬನಿಗೆ ತೆಗೆದರೆ ನವಲಗುಂದದ ಅತ್ತೆಮನೆಯವರು ಸುನಂದಾಳದೂ ತೆಗೆಸು ಎನ್ನುತ್ತಾರೆ ಎಂದಳು. ಆಮೇಲೆ, ಅಷ್ಟಕ್ಕೇ ನಿಲ್ಲಿಸಬಹುದಾಗಿದ್ದರೂ, ಪರೀಕ್ಷೆಯ ದಿನ ತಾನು ಕಂಡದ್ದನ್ನು ಹೇಳಿದಳು. ಮನೆಯಲ್ಲಿ ಹೇಗಿದ್ದೀರಿ ಎಂದು ಕೇಳಿದಾಗ ಆರಾಮ್‌ಗಿಂತ ಮೊದಲು ಏನು ಬಂದಿತ್ತು ಎಂಬುದನ್ನು.

“ನನಗ ಗೊತ್ತೈತ್ರಿ, ಅದು ನಿಮ್ಮ ಮಾತಲ್ಲ,” ಎಂದಳು. “ಗೊತ್ತಿದ್ರೂ ಮರತಿಲ್ಲ.”

ಅವನು ಉತ್ತರಕ್ಕೆ ಶುರುಮಾಡಿದ. ಈ ಸಲ ಅವಳು ಏನನ್ನೂ ತುಂಬಲಿಲ್ಲ. ಒಂದೊಂದೇ ಮಾತು ಬಂತು, ನಡುವೆ ಫ್ಯಾನಿನ ಸದ್ದು.

“ನಂದಲ್ಲ,” ಎಂದ. ಮಾತು ಮುಗಿಯಿತೆಂದು ಅವಳು ಏಳುವವಳಿದ್ದಳು. ಅವನು ಕೈಯೆತ್ತಿ ತಡೆದ.

“ನಂದೂ... ಇರಬಹುದು. ನನಗೂ... ತಿಳಿವಲ್ದು.”

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಆದರೆ ಅಂದಿನಿಂದ ಆ ‘ಬ್ಯಾಸರ’ ಅವಳನ್ನು ಕಾಡುವುದು ನಿಂತಿತು. ಅವನೂ ಪ್ಯಾಚಿನ ಮಾತನ್ನು ಮತ್ತೆ ತೆಗೆಯಲಿಲ್ಲ.

ಕೆಲವು ತಿಂಗಳ ಮೇಲೆ ನಿರುಪಮಾ ನವಲಗುಂದಕ್ಕೆ ಹೋದಳು. ಡಬ್ಬಿ ತೋರಿಸಿದ್ದು ಯಂತ್ರದ ಊಹೆ ಎಂದು ಕೇಂದ್ರದಿಂದ ಕಳಿಸಿದ ವಿವರಣೆಯನ್ನು ಸುನಂದಾಳ ಅತ್ತೆಮನೆಯವರು ನಂಬಿರಲಿಲ್ಲ. ಪ್ಯಾಚ್ ಆದ ಮೇಲೆ ಅವಳು ಮಗಳನ್ನು ನೋಡಲು ಹೋದಾಗ ಡಬ್ಬಿಯಲ್ಲಿ ಏನೂ ಬರದಿದ್ದುದಕ್ಕೆ, ಈಗ ಪೂರ್ತಿ ಮುಚ್ಚಿಕೊಂಡಳು ಎಂದರಂತೆ. ಕೊನೆಗೆ ಅವಳ ಗಂಡನೇ ಮಗುವನ್ನು ಎತ್ತಿಕೊಂಡು ತವರಿಗೆ ಬಂದು, ಏನೂ ಹೇಳದೆ, ಅಲ್ಲೇ ಉಳಿದುಬಿಟ್ಟಿದ್ದ. ಸುನಂದಾ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗಳು ಬಂದು, ಅವ್ವಾ ನೀರು ಎಂದು ಕೇಳಿದಳು. ಸುನಂದಾಳ ಉತ್ತರ ಬರುವ ಮೊದಲೇ ಓಡಿಹೋದಳು. ಖಾಲಿ ಅಂಗಳಕ್ಕೆ “ಬಾ” ಎಂದಿತು ಸ್ಪೀಕರು. ಅವಳು ಎದ್ದು ತಂಬಿಗೆ ತೆಗೆದುಕೊಂಡು ಮಗಳ ಹಿಂದೆ ಹೋದಳು. ಪ್ಯಾಚ್ ಹಾಕಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಬೇಕೆಂದು ನಿರುಪಮಾ ಅಷ್ಟು ದೂರ ಬಂದಿದ್ದಳು. ಕೇಳದೆಯೇ ಬಸ್ಸು ಹತ್ತಿದಳು.

ಎರಡು ವರ್ಷಗಳ ಮೇಲೆ ಹೊಸ ಚಿಪ್ ಬಂತು. ಸೋರಿಕೆ ಇಲ್ಲ, ವೇಗವೂ ಇದೆ ಎಂದು ತಯಾರಕರು ಹೇಳಿದರು. ಕಿವಿಯ ಹಿಂದೆ ಮತ್ತೆ ಕೊಯ್ಯಬೇಕಾಗಿತ್ತು. ಮೊದಲು ಹಾಕಿಸಿಕೊಂಡವರಲ್ಲಿ ಸಂಗಮೇಶ ಒಬ್ಬ. ಪಟ್ಟಿ ಬಿಚ್ಚಿದ ದಿನ ಅವನು ಸರಾಗವಾಗಿ ಮಾತಾಡಿದ, ಮಾತಾಡುತ್ತಲೇ ಹೋದ. ಚಹಾದ ಬಗ್ಗೆ, ಡಾಕ್ಟರರ ಬಗ್ಗೆ, ಹೊರಗಿನ ಬಿಸಿಲಿನ ಬಗ್ಗೆ. ಆ ಸುಗ್ಗಿಯಲ್ಲಿ ಅಖಾಡದವರು ಮತ್ತೆ ಕರೆದರು. ಸುನಂದಾಳಿಗೂ ಹೊಸದನ್ನು ಹಾಕಿದರು. ಮಗಳು ಈಗ ತಾಯಿಯ ಮಾತಿಗೆ ಮಾತು ಕೊಡುತ್ತಾಳೆ ಎಂದು ಅವಳೇ ಫೋನು ಮಾಡಿ ಹೇಳಿದಳು.

ವರ್ಷ ತುಂಬುವ ಮೊದಲು ಒಂದು ಬೆಳಗ್ಗೆ ಮುಲ್ಲಾ ಅವರು ನಿರುಪಮಾಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊಸ ಚಿಪ್ಪಿನಲ್ಲೂ ಬಿರುಕು ಕಂಡಿತ್ತು. ಬೇರೆ ದಾರಿ, ಆದರೆ ಗುಣ ಅದೇ. ಬೇಗ ಮಾತಾಡಬೇಕೆಂದರೆ ಊಹಿಸಬೇಕು, ಊಹಿಸಿದರೆ ಸುಳಿವು ಉಳಿಯುತ್ತದೆ. ಮಾರುಕಟ್ಟೆಗೆ ಹೊಸ ಡಬ್ಬಿ ಆಗಲೇ ಬಂದಿತ್ತು. ಆದೇಶವೂ ಬಂದಿತ್ತು. ನಾಳೆ ಮಧ್ಯಾಹ್ನ ಎಲ್ಲರಿಗೂ ಪ್ಯಾಚ್, ಅಲ್ಲಿಯವರೆಗೆ ಯಾರಿಗೂ ಹೇಳಕೂಡದು. ಪ್ಯಾಚಿಗೆ ತೆರಬೇಕಾದ ಬೆಲೆಯೂ ಹಿಂದಿನದೇ, ಮಾತು ನಿಧಾನ.

ನಿರುಪಮಾ ಎದ್ದು ಮನೆಗೆ ಹೋದಳು. ಸಂಗಮೇಶ ಅಂಗಡಿಗೆ ಹೊರಡುವವನಿದ್ದ. ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿದಳು. ಹೇಳಬಾರದು ಎಂಬ ಆದೇಶವಿದೆ ಎಂಬುದನ್ನೂ ಹೇಳಿದಳು. ಅವನು ಕಿವಿಯ ಹಿಂದಿನ ಗಾಯದ ಗುರುತನ್ನು ಸವರಿಕೊಂಡ.

“ಎಷ್ಟ ಮಂದಿಗೆ ಹೇಳೀದಿ?”

“ನಿಮಗಷ್ಟ.”

“ನನಗೊಬ್ಬವಗ ಹೇಳಿದ್ರ ಹೆಂಗ ನಿರೂ? ಹೆಂಡ್ತಿ ಕೇಂದ್ರದಾಗ ಇಲ್ಲದವ್ರು ಏನ್ ಮಾಡಬೇಕು? ಪ್ಯಾಚ್ ಹಾಕು, ಬ್ಯಾಡ ಅನ್ನೂದಿಲ್ಲ. ಎಲ್ಲಾರಿಗೂ ಒಂದ ದಿನ ಕೊಡು.”

ಅವಳು ಅದೇ ಕಾಲಲ್ಲಿ ಕೇಂದ್ರಕ್ಕೆ ಹಿಂದಿರುಗಿ ಮಾರ್ದನಿಯವರೆಲ್ಲರಿಗೂ ಒಂದು ಸಂದೇಶ ಬರೆದಳು. ಒಂದು ದಿನದ ಮಟ್ಟಿಗೆ ಡಬ್ಬಿಯವರಿಗೂ ಅನುಕೂಲ ಮಾಡಿಕೊಟ್ಟಂತೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ, ಮನೆಯೊಳಗೆ ಗೋಡೆಗೆ ಏನಾದರೂ ಸಿಕ್ಕಿಸಿದ್ದರೆ ಕಿತ್ತುಹಾಕಿ ಅಥವಾ ಹೊರಗೆ ಬಯಲಿಗೆ ಹೋಗಿ ಮಾತಾಡಿ ಎಂದೂ ಸೇರಿಸಿದಳು. ಉಳಿದಂತೆ ಬರೆದದ್ದು ಇಷ್ಟೇ: ನಾಳೆ ಮಧ್ಯಾಹ್ನದಿಂದ ನಿಮ್ಮ ಮಾತು ಮತ್ತೆ ನಿಧಾನವಾಗುತ್ತದೆ. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಅಷ್ಟರೊಳಗೆ ಹೇಳಿಬಿಡಿ.

ಮುಲ್ಲಾ ಅವರಿಗೆ ತೋರಿಸಿದಳು. ಅವರು ಎರಡು ಸಲ ಓದಿದರು. ನೌಕರಿ ಹೋಗುತ್ತದೆ, ಗೊತ್ತೇ ಎಂದು ಕೇಳಿದರು. ಗೊತ್ತೆಂದಳು. ಅವರು ಅವಳ ಹೆಸರಿನ ಕೆಳಗೆ ತಮ್ಮದನ್ನೂ ಸೇರಿಸಿ, ಕಳಿಸಿ ಎಂದರು.

ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ರಾಜ್ಯದ ಎಲ್ಲ ಮಾರ್ದನಿಗಳ ಕೆಲಸವನ್ನು ತೋರಿಸುವ ಒಂದು ಗೆರೆ ಇತ್ತು. ಜನ ಏನು ಮಾತಾಡುತ್ತಾರೆ ಎಂಬುದು ಕೇಂದ್ರಕ್ಕೆ ಕಾಣುತ್ತಿರಲಿಲ್ಲ, ಎಷ್ಟು ಎಂಬುದಷ್ಟೇ ಕಾಣುತ್ತಿತ್ತು. ಸಂದೇಶ ಹೋದ ಮೇಲೆ ಸ್ವಲ್ಪ ಹೊತ್ತು ಗೆರೆ ಪೂರ್ತಿ ನೆಲಕ್ಕಿಳಿಯಿತು. ಎಲ್ಲರೂ ಓದುತ್ತಿದ್ದರು. ಆಮೇಲೆ ಏರತೊಡಗಿತು. ಸಂಜೆಯ ಹೊತ್ತಿಗೆ, ಕೇಂದ್ರ ಶುರುವಾದಂದಿನಿಂದ ಯಾರೂ ಕಾಣದಷ್ಟು ಮೇಲೆ ಹೋಗಿತ್ತು. ಕೋಣೆಯಲ್ಲಿದ್ದವರು ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದರು. ಬೆಂಗಳೂರಿನಿಂದ ಬರುತ್ತಿದ್ದ ಫೋನುಗಳನ್ನು ಮುಲ್ಲಾ ಅವರೇ ಎತ್ತಿ, ಹೌದ್ರಿ, ನಾವ ಕಳಿಸೇವಿ ಎನ್ನುತ್ತಿದ್ದರು.

ನಿರುಪಮಾ ಮನೆಗೆ ಬಂದಾಗ ಸಂಗಮೇಶ ಅಂಗಳದಲ್ಲಿ ಓಡಾಡುತ್ತ ಫೋನಿನಲ್ಲಿದ್ದ. ಗದಗಿನ ಅಕ್ಕನಿಗೆ, ಅಂಗಡಿಯ ಪಾಲುದಾರನಿಗೆ, ಹಳೆಯ ಪೈಲ್ವಾನರಿಗೆ ಒಬ್ಬರಾದ ಮೇಲೊಬ್ಬರಿಗೆ ಮಾಡಿ ಮುಗಿಸುತ್ತಿದ್ದ. ಅವಳನ್ನು ಕಂಡು ಫೋನು ಇಟ್ಟ. ಒಳಗಿನಿಂದ ಇನ್ನೊಂದು ಕುರ್ಚಿ ತಂದು ತನ್ನೆದುರು ಹಾಕಿದ.

“ಕುಂಡ್ರು,” ಎಂದ. “ನಿನಗ ಬಾಳ ಹೇಳೂದೈತಿ.”

ಆ ಸಂಜೆ ಅವರಿಬ್ಬರು ಮಾತಾಡಿದ್ದು ಅವರಿಗೇ ಸೇರಿದ್ದು.

ಮರುದಿನ ಮಧ್ಯಾಹ್ನ ಅಮಾನತಿನ ಆದೇಶ ಕೈಗೆ ಬರುವ ಮೊದಲು, ಅವಳು ನಿಯಂತ್ರಣ ಕೋಣೆಗೆ ಹೋಗಿ ಪ್ಯಾಚ್ ಕಳಿಸಿದಳು. ಗೆರೆ ಒಮ್ಮೆಲೇ ಇಳಿಯಲಿಲ್ಲ. ಸ್ಪೀಕರನ್ನು ಚಾರ್ಜಿಗೆ ಹಾಕದೆ, ಬ್ಯಾಟರಿ ಮುಗಿಯುವವರೆಗೂ ಜನ ಮಾತಾಡುತ್ತಲೇ ಇದ್ದರು. ಗೆರೆಯ ಪಕ್ಕದ ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಊರು ಮಂದವಾಗುತ್ತ ಬಂತು. ಕೊನೆಯ ಊರು ನಿಲ್ಲುವವರೆಗೆ ಅವಳು ಪರದೆಯೆದುರು ಕೂತಿದ್ದಳು.